ಕರಿ ದಾರ ಸುತ್ತಿದ ಬೆಳ್ಳಿ ಉಡದಾರ

ತಾಂಬಾದ ಬಾಲವಾಡಿಗೆ ಬಾಗಿಲಿರಲಿಲ್ಲ. ಬೀರಪ್ಪನ ಗುಡಿಯ ಪೌಳಿಯಲ್ಲಿ ಎರಡು ಕಂಬಗಳ ನಡುವೆ ಒಂದು ಕರಿ ಕಂಬಳಿ ಇಳಿಬಿದ್ದಿದ್ದರೆ ಬಾಲವಾಡಿ ತೆರೆದಿದೆ ಎಂದರ್ಥ. ಕಂಬಳಿ ಕಾಣದಿದ್ದರೆ ಅಂದು ಅಮಾವಾಸ್ಯೆ, ಇಲ್ಲವೇ ಚಂದವ್ವ ಇಂಡಿಗೆ ಸಭೆಗೆ ಹೋಗಿದ್ದಾಳೆ. ಗಾಳಿ ತಡೆಯಲು ಕಟ್ಟಿದ ಆ ಕಂಬಳಿ ಅವಳ ಗಂಡ ಪರಸಪ್ಪನದು. ಚಳಿಗಾಲದ ಬೆಳಗಿನಲ್ಲಿ ಕುರಿ ಹೊಡೆದುಕೊಂಡು ಹೊರಡುವಾಗ ಅವನು ಗುಡಿಯ ಮುಂದೆ ನಿಂತು ದಿನವೂ ಒಂದು ಮಾತು ಆಡಿಯೇ ಮುಂದೆ ಹೋಗುತ್ತಿದ್ದ.

“ಅಕ್ಕೋರ, ನಿಮ್ಮ ಸಾಲಿಗೆ ಬಾಗಲಾ ಬರೂತನಕ ನನಗ ಥಂಡಿ ತಪ್ಪಿದ್ದಲ್ಲ ನೋಡ್ರಿ.”

“ಕುರಿ ನಡುವ ಕುಂಡ್ರು ಹೋಗು. ಅವು ಬೆಚ್ಚಗಿರತಾವ, ನಿನ್ನಂಗ ವಟವಟ ಅನ್ನೂದಿಲ್ಲ” ಎನ್ನುತ್ತಿದ್ದಳು ಚಂದವ್ವ.

ಆ ಸೀಮೆಯಲ್ಲಿ ಕಲಿಸುವ ಹೆಂಗಸನ್ನು ಅಕ್ಕೋರು ಎಂದು ಕರೆಯುವುದು ರೂಢಿ. ಪರಸಪ್ಪನ ಬಾಯಲ್ಲಿ ಅದು ಅರ್ಧ ಚೇಷ್ಟೆ, ಅರ್ಧ ಹೆಮ್ಮೆ.

ಚಂದವ್ವನ ತವರು ಬಸವನ ಬಾಗೇವಾಡಿ ತಾಲ್ಲೂಕಿನ ಮುಳವಾಡ. ಅವಳ ಅಪ್ಪ ಪ್ರತಿ ಬೇಸಿಗೆಯಲ್ಲಿ ಅಲ್ಲಿನ ಮಾಸ್ತರರೊಬ್ಬರ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದ. ಕುರಿ ಗೊಬ್ಬರಕ್ಕೆ ಬದಲಾಗಿ ಜೋಳ ಅಳೆದು ಕೊಡುವುದು ವಾಡಿಕೆ. ಮಾಸ್ತರರು ಜೋಳವನ್ನೂ ಕೊಟ್ಟರು, ಕುರಿಗಾರನ ಮಗಳನ್ನು ಸಾಲಿಯಲ್ಲಿ ಕೂರಿಸಿಯೂ ಕೊಂಡರು. ನಾಲ್ಕನೆಯ ಇಯತ್ತೆ ಮುಗಿಸಿ ಅವಳು ತಾಂಬಾಕ್ಕೆ ಸೊಸೆಯಾಗಿ ಬಂದಳು. ಕುರುಬರ ಓಣಿಯಲ್ಲಿ ಓದಲು ಬರುವ ಹೆಂಗಸು ಅವಳೊಬ್ಬಳೇ. ಊರಿನ ಮಹಿಳಾ ಮಂಡಳ ಬಾಲವಾಡಿ ಬೇಕೆಂದು ಅರ್ಜಿ ಹಾಕಿದಾಗ ಸೇವಿಕೆ ಯಾರೆಂದು ಹುಡುಕುವ ಪ್ರಸಂಗವೇ ಬರಲಿಲ್ಲ.

ಆಗಿನ ನಿಯಮಗಳು ಸಡಿಲವಾಗಿದ್ದವು. ಮಂಡಳ ಕೇಳಬೇಕು, ಅಕ್ಷರ ಬಲ್ಲ ಹೆಂಗಸೊಬ್ಬಳು ಒಪ್ಪಬೇಕು, ಮಕ್ಕಳು ಕೂರಲು ನೆರಳು, ಕುಡಿಯಲು ನೀರು ಇರಬೇಕು. ಬಾಗೇವಾಡಿಯಲ್ಲಿ ನಡೆದ ಒಂದು ಶಿಬಿರದಲ್ಲಿ ಚಂದವ್ವ ಮಕ್ಕಳ ಹಾಡು, ಕೈಕುಣಿತ, ಹಲ್ಲು ತಿಕ್ಕಿಸುವ ಬಗೆ, ಹಾಲಿನ ಪುಡಿ ಗಂಟಾಗದಂತೆ ಕದಡುವ ಬಗೆ ಕಲಿತು ಬಂದಳು. ಮಾರನೆಯ ದಿನವೇ ಪೌಳಿಯಲ್ಲಿ ಕಂಬಳಿ ಏರಿತು.

ಅಂದು ಅಲ್ಲಿ ಕೂತ ಮಕ್ಕಳಿಗೆ ಈಗ ನರೆ ಬಂದಿದೆ. ಬಾಲವಾಡಿ ಎಂದರೆ ಅವರಿಗೆ ಮೊದಲು ನೆನಪಾಗುವುದು ಒಂದು ವಾಸನೆ. ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಬೋಗುಣಿಯಲ್ಲಿ ಕುದಿಯುತ್ತಿದ್ದ ಹಳದಿ ರವೆಯ ಉಪ್ಪಿಟ್ಟಿನದು. ಆ ರವೆ ಅಮೆರಿಕದಿಂದ ಹಡಗಿನಲ್ಲಿ ಬರುತ್ತದೆ ಎಂದು ಚಂದವ್ವ ಹೇಳುತ್ತಿದ್ದಳು. ಹಡಗು ಎಂದರೇನೆಂದು ಕೇಳಿದವರಿಗೆ, ಕೊಲ್ಹಾರದ ಹತ್ತಿರ ಕೃಷ್ಣೆ ದಾಟಿಸುವ ದೋಣಿಯಷ್ಟು ದೊಡ್ಡದು ಎನ್ನುತ್ತಿದ್ದಳು. ಅವಳು ಕಂಡದ್ದು ಅದೊಂದೇ. ಮಕ್ಕಳು ಮನೆಯಿಂದ ತಂದ ಜರ್ಮನ್ ತಾಟುಗಳನ್ನು, ಎಂದರೆ ಅಲ್ಯುಮಿನಿಯಂ ತಟ್ಟೆಗಳನ್ನು, ಮಡಿಲಲ್ಲಿಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ಉಪ್ಪಿಟ್ಟು ಬೀಳುವ ಮೊದಲು ಕೈ ತೋರಿಸಬೇಕು. ತೊಳೆಯದ ಕೈಗೆ ಚಂದವ್ವ ಸೌಟಿನ ಹಿಡಿಯಿಂದ ಮೆಲ್ಲಗೆ ಮುಟ್ಟುತ್ತಿದ್ದಳು. ಆ ಮಗು ಎದ್ದು ಓಡಬೇಕು, ತೊಳೆದು ಓಡಿ ಬರಬೇಕು.

ಈ ಎಲ್ಲವನ್ನೂ ಒಬ್ಬ ಹೆಂಗಸು ಕಾಣದೆಯೇ ಬಲ್ಲವಳಾಗಿದ್ದಳು. ಆಕೆ ಸಿದ್ದಲಿಂಗವ್ವ, ಊರಿನ ಗೌಡ ಬಸಂತರಾಯರ ಹೆಂಡತಿ, ಮಹಿಳಾ ಮಂಡಳದ ಅಧ್ಯಕ್ಷೆ. ಅಧ್ಯಕ್ಷೆಯಾದರೂ ಗೌಡರ ವಾಡೆಯ ಹೆಂಗಸರು ಹಗಲು ಹೊತ್ತು ಬೀದಿಗಿಳಿಯುವ ರೂಢಿ ಇರಲಿಲ್ಲ. ಮಂಡಳದ ಸಭೆ ವಾಡೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು. ಆದರೆ ವಾಡೆಯ ಹಿತ್ತಿಲ ಗೋಡೆ ಬೀರಪ್ಪನ ಪೌಳಿಗೆ ಹತ್ತಿಕೊಂಡಿತ್ತು. ಮಕ್ಕಳು ಬೆಳೆದು, ಮೊಮ್ಮಗ ವಿಜಾಪುರದ ಮಗನ ಮನೆಯಲ್ಲಿದ್ದ ಆ ದಿನಗಳಲ್ಲಿ ಸಿದ್ದಲಿಂಗವ್ವ ಹಿತ್ತಿಲಲ್ಲಿ ಕಾಳು ಹಸನು ಮಾಡುತ್ತಾ ಗೋಡೆಯಾಚೆಯ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಬಿಟ್ಟಿದ್ದಳು.

“ಏ ಚಂದವ್ವ, ನಿನ್ನಿ ಗುಬ್ಬಿ ಹಾಡಿನಾಗ ಒಂದ ಸಾಲ ನುಂಗಿದ್ರಲ್ಲ ನಿನ್ನ ಹುಡುಗ್ರು?”

“ದಿನಾ ನುಂಗತಾವ್ರಿ ಅವ್ವಾರ. ಉಪ್ಪಿಟ್ಟಿನ ವಾಸನಿ ಬಂತಂದ್ರ ಆ ಸಾಲ ಅವಕ್ಕ ನೆನಪs ಇರೂದಿಲ್ಲ.”

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕಿನ ಬಾಲವಾಡಿಗಳಿಗೆ ಮೇಲ್ವಿಚಾರಕಿ ಒಬ್ಬರೇ, ಸುಮಿತ್ರಾಬಾಯಿ. ಹಳ್ಳಿಯವರಿಗೆಲ್ಲ ಅವರು ಬಾಯಾರು. ಮುದ್ದೇಬಿಹಾಳದಲ್ಲಿ ಮನೆ. ಕೈಯಲ್ಲಿ ಕೊಡೆ, ಹೆಗಲಿಗೆ ರೆಕ್ಸಿನ್ ಚೀಲ, ಕಾಲಲ್ಲಿ ಗಂಡಸರ ಚಪ್ಪಲಿ. ಬಸ್ಸು ಹೋಗುವಲ್ಲಿಗೆ ಬಸ್ಸು, ಉಳಿದಲ್ಲಿಗೆ ನಡಿಗೆ. ಅವರು ಬರುವ ದಿನ ಮೊದಲೇ ಗೊತ್ತಾಗುತ್ತಿತ್ತು. ಬಂದವರು ಮಕ್ಕಳ ಉಗುರು ನೋಡುತ್ತಿದ್ದರು, ತಲೆ ಬಗ್ಗಿಸಿ ಹೇನು ನೋಡುತ್ತಿದ್ದರು, ಹಾಡು ಹೇಳಿಸುತ್ತಿದ್ದರು. ಚೊಕ್ಕಟವಾಗಿರುವ ಬಾಲವಾಡಿಗೆ ಒಳ್ಳೆಯ ಹೆಸರು. ಒಮ್ಮೆ ತಾಂಬಾಕ್ಕೆ ಮಾದರಿ ಬಾಲವಾಡಿ ಎಂಬ ಮಾನ್ಯತೆ ಸಿಕ್ಕಿ, ಬಹುಮಾನವಾಗಿ ಒಂದು ಹಿತ್ತಾಳೆಯ ಗಂಟೆ ಬಂತು. ಚಂದವ್ವ ಅದನ್ನು ಕಂಬಕ್ಕೆ ತೂಗುಹಾಕಿ, ಉಪ್ಪಿಟ್ಟಿನ ಹೊತ್ತಿಗೆ ಮಾತ್ರ ಬಾರಿಸುತ್ತಿದ್ದಳು.

ಎಪ್ಪತ್ತಾರನೆಯ ಇಸವಿಯ ಕಾರ್ತೀಕದಲ್ಲಿ ಸೇವಿಕೆಯರನ್ನೆಲ್ಲ ಇಂಡಿಗೆ ಕರೆದರು. ತಗಡು ಹೊದಿಸಿದ ದೊಡ್ಡ ಕೋಣೆಯಲ್ಲಿ ಸಭೆ. ವಿಜಾಪುರದಿಂದ ಬಂದ ಅಧಿಕಾರಿಯೊಬ್ಬರು ಹೊಸ ನಿಯಮಗಳನ್ನು ಓದಿದರು. ಬಾಲವಾಡಿಗಳ ಸಂಖ್ಯೆ ಇನ್ನು ಹೆಚ್ಚುವುದಿಲ್ಲ. ಆಹಾರ ದಾಸ್ತಾನಿಗೆ ಬಾಗಿಲಿರುವ ಜಾಗ ಬೇಕು. ಹೊಟ್ಟೆಗೆ ಕಡಿಮೆ ಬಿದ್ದ ಮಕ್ಕಳು ಹೆಚ್ಚಿರುವ ಊರಿಗೆ ಮೊದಲ ಆದ್ಯತೆ, ಅಂಥ ಮಕ್ಕಳಿಲ್ಲದ ಊರಿನ ಬಾಲವಾಡಿಯನ್ನು ಬೇಕಿರುವ ಊರಿಗೆ ಸಾಗಿಸತಕ್ಕದ್ದು. ಅಧಿಕಾರಿ ಓದಿ ಮುಗಿಸುವ ಹೊತ್ತಿಗೆ ಅರ್ಧ ಜನ ತೂಕಡಿಸುತ್ತಿದ್ದರು. ಕಚೇರಿಯ ಕನ್ನಡ, ತಗಡಿನ ಬಿಸಿಲು.

ಆಮೇಲೆ ಸುಮಿತ್ರಾಬಾಯಿ ಎದ್ದು ತಮ್ಮ ಮಾತಿನಲ್ಲಿ ಹೇಳಿದರು. “ಇಷ್ಟ ದಿನಾ ಹಾಡ ಕೇಳತಿದ್ವಿ, ಉಗುರ ನೋಡತಿದ್ವಿ. ಇನ್ನ ಮ್ಯಾಲ ಹುಡುಗ್ರ ಮೈ ನೋಡತೇವಿ, ಊಟ ನೋಡತೇವಿ. ನೋಡಿ, ಬಾಲವಾಡಿ ಎಲ್ಲಿರಬೇಕು ಅನ್ನೂದು ಬರದು ಕಳಸತೇವಿ.”

ಎಂಥ ಮೈ ಕಂಡರೆ ಬಾಲವಾಡಿ ಉಳಿಯುತ್ತದೆ ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ. ಈಗಷ್ಟೇ ಓದಿದ್ದಾರಲ್ಲ ಎಂದುಕೊಂಡಿರಬೇಕು. ಆದರೆ ಕೆಳಗೆ ಕೂತಿದ್ದ ಹೆಂಗಸರಿಗೆ ಇಷ್ಟು ವರ್ಷಗಳ ತಪಾಸಣೆ ಕಲಿಸಿದ್ದು ಒಂದೇ ಪಾಠ. ಚೆಂದ ಕಂಡರೆ ಉಳಿಯುತ್ತದೆ. ಚಂದವ್ವ ಆ ಪಾಠವನ್ನೇ ಹೊತ್ತುಕೊಂಡು ಸಂಜೆಯ ಬಸ್ಸಿನಲ್ಲಿ ಊರಿಗೆ ಬಂದಳು.

ಮಾರನೆಯ ದಿನ ವಾಡೆಯ ಪಡಸಾಲೆಯಲ್ಲಿ ತಾಯಂದಿರು ಸೇರಿದರು.

“ಈ ಸಲ ಹಾಡ ಕೇಳೂದಿಲ್ಲಂತ್ರಿ” ಎಂದಳು ಚಂದವ್ವ. “ಹುಡುಗ್ರ ಮೈ ನೋಡತಾರಂತ. ಊಟ ಮಾಡೂದ ನೋಡತಾರಂತ. ಅದರ ಮ್ಯಾಲ ಬಾಲವಾಡಿ ಇಡೂದು, ಒಯ್ಯೂದು.”

ಜೋಕಾಲಿಯಲ್ಲಿ ಕೂತು ಎಲೆ ಮಡಚುತ್ತಿದ್ದ ಬಸಂತರಾಯರು ಅಲ್ಲಿಂದಲೇ ಹೇಳಿದರು. “ಹಂಗಿದ್ರ ಕೇಳ್ರಿ. ಸರಕಾರದ ಮಂದಿ ಮುಂದ ನಮ್ಮೂರ ಹುಡುಗ್ರು ಹಸದವರಂಗ ಕಾಣಬಾರದು. ತಾಂಬಾ ಅಂದ್ರ ಏನಂತ ತಿಳೀಬೇಕು ಅವರಿಗೆ.”

ಆ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ, ಎದುರಾಡಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಹೊರಗಿನವರ ಮುಂದೆ ಮಗು ಊಟಕ್ಕೆ ಹಾತೊರೆದರೆ ಅದು ತಾಯಿಗೆ ಅವಮಾನ. ಮದುವೆಗೆ ಕರೆದುಕೊಂಡು ಹೋಗುವ ಮಗುವಿಗೂ ಮನೆಯಲ್ಲಿ ಎರಡು ತುತ್ತು ಉಣಿಸಿಯೇ ಹೊರಡಿಸುವ ಊರು ಅದು.

ಸಿದ್ದಲಿಂಗವ್ವನಿಗೆ ಹುರುಪು ಬಂತು. ಒಳಗೆ ಹೋಗಿ ಸಂದೂಕಿನಿಂದ ಬೆಳ್ಳಿಯ ಗಂಟು ತಂದು ಬಿಚ್ಚಿದಳು. ಉಡದಾರ, ಕಾಲ್ಗಡಗ, ಮುಂಗೈ ಬಳೆ. ಅವಳ ಮಕ್ಕಳದು, ಮೊಮ್ಮಗನದು, ಎಲ್ಲವೂ ಅವಳು ತವರಿನಿಂದ ತಂದ ಬೆಳ್ಳಿಯಲ್ಲಿ ಮಾಡಿಸಿದವು. ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರ ಒಡವೆ ಹಾಕಿಕೊಳ್ಳುವುದು ಅಲ್ಲಿ ಹೊಸದಲ್ಲ. “ತಗೋರಿ. ಹುಡುಗ್ರ ಮೈ ನೋಡತಾರಂದ್ರ ಬರೀ ಮೈ ತೋರಸೂದೇನು?” ಎಂದಳು. ತಾಯಂದಿರು ನಕ್ಕು, ನಾಚಿ, ಆರಿಸಿಕೊಂಡು ಹೋದರು.

ತಪಾಸಣೆಯ ಬೆಳಿಗ್ಗೆ ಕುರುಬರ ಓಣಿಯಲ್ಲಿ ಹಬ್ಬದ ಹೊಗೆ. ಹಿಂಗಾರಿ ಜೋಳ ಇನ್ನೂ ಹೊಲದಲ್ಲಿ ಹಸಿರಾಗಿ ನಿಂತಿತ್ತು, ಮನೆಯೊಳಗಿನ ಕಾಳಿನ ಗಡಿಗೆ ತಳ ಕಾಣುವ ಸಮಯ ಅದು. ಹೊಲಗೆಲಸಕ್ಕೆ ಹೋಗುವ ತಿಪ್ಪವ್ವ ಎಂಬ ತಾಯಿ ಬೀಜಕ್ಕೆಂದು ಇಟ್ಟಿದ್ದ ಗೋಧಿಯಲ್ಲಿ ಒಂದಿಷ್ಟು ಕುಟ್ಟಿ ಹುಗ್ಗಿ ಮಾಡಿದಳು. ಮಗಳು ಗುಂಡವ್ವ ಹಬ್ಬ ಯಾವುದೆಂದು ಕೇಳಿದಳು.

“ಬಾಯಾರ ಹಬ್ಬ. ಉಣ್ಣು, ಹೊಟ್ಟಿ ಬಿರಿಯೂತನಕ ಉಣ್ಣು. ಅಲ್ಲಿ ಹೋಗಿ ಬಕಬಕ ತಿಂದಿ ಅಂದ್ರ ನೋಡು.”

ಸುಮಿತ್ರಾಬಾಯಿ ಮಧ್ಯಾಹ್ನದ ಬಸ್ಸಿಗೆ ಇಳಿದರು. ಪೌಳಿಯಲ್ಲಿ ಅವರು ಕಂಡದ್ದು ಎಣ್ಣೆ ಹಚ್ಚಿ ಬಾಚಿದ ತಲೆಗಳ ಸಾಲು, ಅಂಗಿಯ ಕೆಳಗೆ ಇಣುಕುವ ಬೆಳ್ಳಿಯ ಉಡದಾರಗಳು, ಕಾಲ್ಗಡಗದ ಸಪ್ಪಳ. ಚಂದವ್ವ ಗಂಟೆ ಬಾರಿಸಿದಳು. ಕೈಗಳು ಚಾಚಿದವು, ಎಲ್ಲವೂ ತೊಳೆದ ಕೈ. ಉಪ್ಪಿಟ್ಟು ತಾಟಿಗೆ ಬಿತ್ತು.

ಯಾರೂ ಮುಟ್ಟಲಿಲ್ಲ. ಒಂದು ಮಗು ತೇಗಿತು. ಇನ್ನೊಂದು ತಾಟಿನ ಅಂಚಿಗೆ ಬೆರಳು ಆಡಿಸುತ್ತ ಕೂತಿತು.

“ಯಾಕ ಪುಟ್ಟಾ, ಹಸಿವಿಲ್ಲೇನು?” ಎಂದು ಸುಮಿತ್ರಾಬಾಯಿ ಗುಂಡವ್ವನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಕೇಳಿದರು.

“ಒಲ್ಲೇನ್ರಿ. ಮನ್ಯಾಗ ಹುಗ್ಗಿ ಉಂಡೇನಿ.”

“ಹುಗ್ಗಿ! ಇವತ್ತ ಏನ ವಿಶೇಷ?”

ತಾಯಿಯ ಕಣ್ಣು ಗುಂಡವ್ವನ ಮೇಲಿತ್ತು. “ದಿನಾ ಮಾಡತಾರ್ರಿ” ಎಂದಳು ಹುಡುಗಿ.

ಸುಮಿತ್ರಾಬಾಯಿ ನಗುತ್ತ ಎದ್ದರು. ಸಾಲಿನುದ್ದಕ್ಕೂ ನಡೆದು ನೋಡಿ ಚಂದವ್ವನ ಬೆನ್ನು ತಟ್ಟಿದರು. “ಚಂದವ್ವ, ನನಗ ಭಾಳ ಸಂತೋಷ ಆತು. ಈ ಊರಿಗೆ ಬಾಲವಾಡಿ ಬೇಕಾಗಿಲ್ಲ ಅನ್ನೂದ ಕಣ್ಣಾರೆ ನೋಡಿದೆ. ಸಿಂದಗಿ ತಾಲ್ಲೂಕಿನಾಗ ಒಂದೂರಿನ ತಾಯಂದ್ರು ಎರಡ ವರ್ಷದಿಂದ ಕೇಳಾಕತ್ತಾರ. ಹುಡುಗ್ರ ಮೈ ಅಂಬೂದು ಕಡ್ಡಿ ಆಗೇತಿ ಅಲ್ಲಿ. ಇದನ್ನ ಅವರಿಗೆ ಕೊಡತೇನಿ. ಸುಗ್ಗಿ ಸುರು ಆಗೂದರಾಗ ಸಾಮಾನ ಕಳಿಸಿಬಿಡು.”

ಆ ಮಾತು ಮುಗಿದ ಕ್ಷಣ ಚಂದವ್ವನಿಗೆ ಇಂಡಿಯಲ್ಲಿ ಕೇಳಿದ ನಿಯಮ ಪೂರ್ತಿ ಅರ್ಥವಾಯಿತು. ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ಅದನ್ನು ಹೇಳುವುದೆಂದರೆ ಅತಿಥಿಯ ಎದುರು ಮಕ್ಕಳ ಮೈಮೇಲಿನ ಬೆಳ್ಳಿ ಬಿಚ್ಚಿದಂತೆ. ಕಂಬಳಿಯ ಪಕ್ಕದಲ್ಲಿ ತಾಯಂದಿರು ನಿಂತಿದ್ದರು. ಗೋಡೆಯಾಚೆ ಸಿದ್ದಲಿಂಗವ್ವ ಕೇಳುತ್ತಿದ್ದಳು. ಚಂದವ್ವ “ಹೌದ್ರಿ ಬಾಯಾರ” ಎಂದಳು.

ಬಸ್ಸಿನ ಕಡೆಗೆ ಕೊಡೆ ಮರೆಯಾದ ಮೇಲೆ ಗುಂಡವ್ವ ಅವಳ ಸೀರೆ ಜಗ್ಗಿದಳು. “ಅಕ್ಕೋರ, ನನ್ನ ಉಪ್ಪಿಟ್ಟ ನಾಳಿಗೆ ಇಟ್ಟಿರ್ರಿ.”

ಅಂದು ಮನೆಗೆ ಬಂದ ಪರಸಪ್ಪನಿಗೆ ಸುದ್ದಿ ಮೊದಲೇ ತಿಳಿದಿತ್ತು. ಕಂಬಳಿ ತನಗೆ ಮರಳಿತಲ್ಲ ಎಂದು ಒಂದು ಚೇಷ್ಟೆ ಮಾಡಬಹುದಿತ್ತು. ಮಾಡಲಿಲ್ಲ.

“ಇಂಡಿಗೆ ಹೋಗತೇನಿ” ಎಂದಳು ಚಂದವ್ವ. “ಸೋಮವಾರ ಬಾಯಾರು ಅಲ್ಲೇ ಇರತಾರ.”

“ಹೋಗಿ ಏನಂತಿ? ನಮ್ಮೂರ ಮಂದಿ ಸುಳ್ಳ ಹೇಳ್ಯಾರ, ಎಲ್ಲಾರ ಮನ್ಯಾಗೂ ಗಡಿಗಿ ಬರಿದ ಐತಿ ಅಂತೀಯೇನು?”

“ಖರೇನs ಐತೆಲ್ಲ.”

“ಖರೇ ಇದ್ರ ಏನಾತು? ನೀ ಹೇಳಿದ್ರ ಪಗಾರ ಉಳಿಸಿಕೊಳ್ಳಾಕ ಹೇಳಾಕತ್ಯಾಳ ಅಂತಾರ. ಅಲ್ಲೂ ಅಂತಾರ, ಇಲ್ಲೂ ಅಂತಾರ. ಮತ್ತ ಆ ಬೆಳ್ಳಿ ಗೌಡರದು. ಅವರನ್ನ ಕೇಳದs ಅವರ ಮನಿ ಮಾತ ಹೆಂಗ ಆಡತಿ?”

“ಹಂಗಾರ ಮೊದಲ ಅವರನ್ನs ಕೇಳತೇನಿ” ಎಂದಳು ಚಂದವ್ವ.

ವಾಡೆಯಲ್ಲಿ ಅದೇ ಹೊತ್ತಿಗೆ ಒಡವೆ ಹಿಂದಿರುಗಿ ಬರುತ್ತಿತ್ತು. ತಾಯಂದಿರು ಒಬ್ಬೊಬ್ಬರಾಗಿ ಬಂದು ಹೊಸ್ತಿಲ ಬಳಿ ಇಟ್ಟು ಹೋಗುತ್ತಿದ್ದರು. ಸಿದ್ದಲಿಂಗವ್ವ ಒಂದೊಂದನ್ನೂ ಒರೆಸಿ ಬಟ್ಟೆಗೆ ಸೇರಿಸುತ್ತಿದ್ದಳು. ಬೆಳ್ಳಿಯ ಉಡದಾರಗಳಿಗೆಲ್ಲ ಕೊಂಡಿಯ ಹತ್ತಿರ ಕರಿ ದಾರ ಸುತ್ತಿ ಗಂಟು ಹಾಕಿತ್ತು. ತಿಪ್ಪವ್ವ ಬಂದಾಗ ಅವಳು ಕೇಳಿಯೇಬಿಟ್ಟಳು.

“ಇದೇನ ಗಂಟ ತಿಪ್ಪವ್ವ?”

“ಜಾರತಿತ್ರಿ ಅವ್ವಾರ. ಸಡ್ಲಾಗಿ ಮೊಣಕಾಲಿಗೆ ಬರತಿತ್ತು. ಅದಕ್ಕ ನಾಕ ಕೊಂಡಿ ಮಡಿಚಿ ದಾರ ಸುತ್ತೀವ್ರಿ. ತರ್ರಿ, ಬಿಚ್ಚಿಕೊಡತೇನಿ.”

“ಇರಲಿ, ಬಿಚ್ಚಬ್ಯಾಡ.” ಸಿದ್ದಲಿಂಗವ್ವ ಅದನ್ನು ಅಂಗೈಯಲ್ಲಿ ಹಿಡಿದಳು. ಸಣ್ಣ ಉಡದಾರ. ಮೊಮ್ಮಗನ ಜವಳ ತೆಗೆಸಿದಾಗ ಮಾಡಿಸಿದ್ದು. ಆಗ ಅವನಿಗೆ ವರ್ಷ ತುಂಬಿ ನಾಲ್ಕು ದಿನ. ದುಂಡು ಹೊಟ್ಟೆಗೆ ಬಿಗಿಯಾಗಿ ಕೂತಿತ್ತು. “ನಿನ್ನ ಮಗಳಿಗೆ ಎಷ್ಟ?”

“ಶೀಗಿ ಹುಣ್ಣಿವಿಗೆ ಐದ ತುಂಬ್ಯಾವ್ರಿ.”

ಸಿದ್ದಲಿಂಗವ್ವ ಮಿಕ್ಕ ಉಡದಾರಗಳ ಗಂಟುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು. ತಿಪ್ಪವ್ವ ಸೆರಗು ಸರಿಮಾಡಿಕೊಂಡು ಹೋದಳು.

ಸೋಮವಾರ ಬೆಳಿಗ್ಗೆ ಚಂದವ್ವ ವಾಡೆಗೆ ಬಂದು ಬಸಂತರಾಯರ ಎದುರು ನಿಂತಳು. ಇಂಡಿಗೆ ಹೋಗಿ ಬಾಯಾರಿಗೆ ಇದ್ದದ್ದು ಇದ್ದಂತೆ ಹೇಳಲು ಅಪ್ಪಣೆ ಬೇಕೆಂದಳು. ಗೌಡರು ಸಿಟ್ಟಿಗೆದ್ದು ಕೂಗಲಿಲ್ಲ. ಮಡಚಿದ ಎಲೆಯನ್ನು ತಟ್ಟೆಯಲ್ಲಿ ತಿರುಗಿ ಇಟ್ಟರು.

“ನನ್ನ ಊರು ಭಿಕ್ಷಾ ಬೇಡೂದಿಲ್ಲ ಚಂದವ್ವ. ಬಾಲವಾಡಿ ಹೋದ್ರ ಹೋತು. ನಾಳಿ ಸಿಂದಗಿ ಸಂತ್ಯಾಗ, ತಾಂಬಾದವರು ಹುಡುಗ್ರಿಗೆ ಕೂಳ ಹಾಕೂದಿಲ್ಲ ಅಂತ ಮಂದಿ ಆಡಿಕೊಂಡ್ರ ಆ ಮಾತ ನೀ ತೊಳೀತೀಯೇನು?”

ಚಂದವ್ವ ತಲೆ ತಗ್ಗಿಸಿದಳು. ಒಳಬಾಗಿಲ ಬಳಿ ಬಳೆ ಸದ್ದಾಯಿತು. ಸಿದ್ದಲಿಂಗವ್ವ ತಲೆ ತುಂಬ ಸೆರಗು ಹೊದ್ದು, ಕೈಯಲ್ಲಿ ಒಂದು ಗಂಟು ಹಿಡಿದು ಪಡಸಾಲೆಗೆ ಬಂದಿದ್ದಳು.

“ಬಸ್ಸ ಎಷ್ಟೊತ್ತಿಗೆ ಚಂದವ್ವ?”

“ಎಲ್ಲಿಗೆ?” ಎಂದರು ಬಸಂತರಾಯರು.

“ಇಂಡಿಗಿ.”

“ನೀನು? ಬಸ್ಸಿನ್ಯಾಗ? ಊರ ಮರ್ಯಾದಿ ಮಾತ ನಿನಗ್ಯಾಕ?”

“ಊರ ಮಾತ ನಾ ಆಡೂದಿಲ್ರಿ. ಊರ ಮಾತ ನಿಮ್ಮದು.” ಗಂಟನ್ನು ಎತ್ತಿ ತೋರಿಸಿದಳು. “ಇವು ನನ್ನ ತವರಿನ ಬೆಳ್ಳಿ. ಉಡದಾರದ ಮಾತ ನನ್ನದು. ಅದನ್ನಷ್ಟ ಆಡಿ ಬರತೇನಿ.”

ಗೌಡರು ತಟ್ಟೆಯಲ್ಲಿಟ್ಟ ಎಲೆಯನ್ನು ಮತ್ತೆ ಎತ್ತಿ ಬಾಯಿಗಿಟ್ಟುಕೊಂಡರು. ತವರಿನ ಒಡವೆಯ ಮೇಲೆ ಗಂಡನ ಮಾತು ನಡೆಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಆ ಬಸ್ಸಿನ ಕಂಡಕ್ಟರ್ ಚಾಂದಸಾಬ. ಗೌಡಶಾನಿ ಮೆಟ್ಟಿಲು ಹತ್ತುವುದನ್ನು ಕಂಡು ಅವನು ಬೀಡಿ ಎಸೆದು, ಮುಂದಿನ ಸೀಟಿನಲ್ಲಿ ಕೂತಿದ್ದ ಇಬ್ಬರನ್ನು ಎಬ್ಬಿಸಿದ. “ಏಳ್ರಪೋ, ಅವ್ವಾರು ಬಂದಾರ.” ಸಿದ್ದಲಿಂಗವ್ವ ಕಿಟಕಿಯ ಸರಳು ಹಿಡಿದು ದಾರಿಯುದ್ದಕ್ಕೂ ತನ್ನದೇ ಹೊಲಗಳನ್ನು ಮೊದಲ ಸಲ ಎಂಬಂತೆ ನೋಡಿದಳು. ಬಂಡಿಯ ಪರದೆಯ ಸಂದಿನಿಂದ ಕಂಡದ್ದಕ್ಕಿಂತ ಅವು ದೊಡ್ಡವಾಗಿದ್ದವು.

ಇಂಡಿಯ ಕಚೇರಿಯಲ್ಲಿ ಸುಮಿತ್ರಾಬಾಯಿ ಮೇಜಿನ ಮುಂದೆ ಕೂತು ರೊಟ್ಟಿಯ ಬುತ್ತಿ ಬಿಚ್ಚುತ್ತಿದ್ದರು. ಸಿದ್ದಲಿಂಗವ್ವ ಕುರ್ಚಿಯಲ್ಲಿ ಕೂರಲಿಲ್ಲ. ಗಂಟು ಬಿಚ್ಚಿ, ಉಡದಾರಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಕರಿ ದಾರದ ಗಂಟುಗಳು ಹಾಗೆಯೇ ಇದ್ದವು.

“ಬಾಯಾರ, ಅವತ್ತ ನೀವು ನೋಡಿದ ಬೆಳ್ಳಿ ಇದು. ನನ್ನದು. ನಾನs ಹಾಕಿಸಿದ್ದೆ.” ಆಮೇಲೆ ಸಣ್ಣದೊಂದನ್ನು ಮುಂದೆ ಸರಿಸಿದಳು. “ಇದನ್ನ ನನ್ನ ಮೊಮ್ಮಗನ ಜವಳಕ್ಕ ಮಾಡಿಸಿದ್ದೆ. ಅವಗ ಆಗ ವರ್ಷ. ಅವತ್ತ ಇದನ್ನ ಕಟ್ಟಿಕೊಂಡಿದ್ದ ಹುಡುಗಿಗೆ ಐದು. ಗಂಟ ಎಲ್ಲಿ ಬಿದ್ದೈತಿ ನೋಡ್ರಿ. ಇಷ್ಟs ನನ್ನ ಮಾತು. ಊರಾಗ ಹಸಿವು ಐತಿ ಅಂತ ನಾ ಅಂದಿಲ್ಲ.”

ಸುಮಿತ್ರಾಬಾಯಿ ಕೈ ಒರೆಸಿಕೊಂಡು ಉಡದಾರ ಎತ್ತಿದರು. ಕೊಂಡಿಯಿಂದ ಗಂಟಿನವರೆಗೆ ಬೆರಳಾಡಿಸಿದರು. ಮಡಿಚಿ ದಾರ ಸುತ್ತಿದ ಭಾಗ ಅವರ ಹೆಬ್ಬೆರಳಿಗಿಂತ ಉದ್ದವಿತ್ತು.

“ಹುಗ್ಗಿ?” ಎಂದು ಚಂದವ್ವನ ಕಡೆ ತಿರುಗಿದರು.

“ಬೀಜದ ಗೋಧಿದ್ರಿ” ಎಂದಳು ಚಂದವ್ವ.

“ನಿನಗ ಗೊತ್ತಿತ್ತು. ಅವತ್ತ ಯಾಕ ಸುಮ್ಮನಿದ್ದಿ?”

“ಅವರೆಲ್ಲಾ ಅಲ್ಲೇ ನಿಂತಿದ್ರಲ್ರಿ ಬಾಯಾರ.”

ಆ ಉತ್ತರ ಸುಮಿತ್ರಾಬಾಯಿಗೆ ಸಾಕಾಯಿತು. ಅವರೂ ಆ ಸೀಮೆಯವರೇ. “ಸಿಂದಗಿ ಕಡೆ ತಾಯಂದ್ರಿಗೆ ಮಾತ ಕೊಟ್ಟ ಬಂದೇನಿ” ಎಂದರು ತಮ್ಮಷ್ಟಕ್ಕೇ.

“ಅವರಿಗೂ ಕೊಡ್ರಿ. ನಾವೇನ ಬ್ಯಾಡ ಅಂದೇವಿ?” ಎಂದಳು ಸಿದ್ದಲಿಂಗವ್ವ.

ಸುಮಿತ್ರಾಬಾಯಿಗೆ ನಗು ಬಂತು. “ಗೌಡಶಾನಿಯರ, ನೀವು ಒಂದರೆ ಸಲ ಬಾಲವಾಡಿ ನೋಡೀರೇನು?”

“ನೋಡಿಲ್ರಿ. ಕೇಳೇನಿ.”

“ಆತು. ನಾ ಇನ್ನೊಮ್ಮೆ ಬರತೇನಿ.”

“ಯಾವತ್ರಿ?” ಎಂದಳು ಚಂದವ್ವ, ಅಭ್ಯಾಸಬಲದಿಂದ.

“ಅದನ್ನ ಹೇಳಿದ್ರ ಮತ್ತ ಹುಗ್ಗಿ ಮಾಡತೀರಿ.”

ಅವರು ಬಂದದ್ದು ಎಳ್ಳ ಅಮಾವಾಸ್ಯೆಗೆ ಮುಂಚಿನ ಒಂದು ಬೆಳಿಗ್ಗೆ, ಯಾರಿಗೂ ತಿಳಿಯದ ಹೊತ್ತಿನಲ್ಲಿ. ತಾಯಂದಿರು ಹೊಲದಲ್ಲಿದ್ದರು. ಮಕ್ಕಳ ಸೊಂಟದಲ್ಲಿ ಎಂದಿನ ಕರಿ ದಾರ. ಕೆಲವರ ಮೂಗು ಸುರಿಯುತ್ತಿತ್ತು. ಗಂಟೆ ಬಾರಿಸಿದ್ದೇ ತಡ, ತಾಟುಗಳು ಒಂದಕ್ಕೊಂದು ಬಡಿದವು. ಸುಮಿತ್ರಾಬಾಯಿ ಕಂಬಕ್ಕೆ ಒರಗಿ ನಿಂತು ನೋಡಿದರು. ತಾಟು ಒರೆಸಿದಂತೆ ಖಾಲಿಯಾಗುವುದನ್ನು, ಬೋಗುಣಿಯ ತಳಕ್ಕೆ ಸೌಟು ಹತ್ತಿ ಕೆರೆಯುವುದನ್ನು ನೋಡಿದರು. ಗುಂಡವ್ವ ಅವರ ಗುರುತು ಹಿಡಿದು ಗಾಬರಿಯಾಗಿ, ಬಾಯಲ್ಲಿದ್ದದ್ದನ್ನು ನುಂಗದೆ ಕೂತಳು. ಅವರು ಅವಳ ಪಕ್ಕದಲ್ಲೇ ನೆಲಕ್ಕೆ ಕೂತು ಚಂದವ್ವನಿಗೆ ಕೈ ಚಾಚಿ ತೋರಿಸಿದರು, ತೊಳೆದ ಕೈ. ಚಂದವ್ವ ಅವರಿಗೂ ಒಂದು ತುತ್ತು ಬಡಿಸಿದಳು. ಗುಂಡವ್ವ ನುಂಗಿದಳು.

ಬಾಲವಾಡಿ ತಾಂಬಾದಲ್ಲಿ ಉಳಿಯಿತು. ಸಿಂದಗಿ ತಾಲ್ಲೂಕಿನ ಆ ಊರು ಇನ್ನೊಂದು ವರ್ಷ ಕಾಯಬೇಕಾಯಿತು. ಸುಮಿತ್ರಾಬಾಯಿಗೆ ಆ ತಾಯಂದಿರ ಎದುರು ಹೋಗಿ ಮಾತು ತಪ್ಪಿತೆಂದು ಹೇಳುವುದು ಸುಲಭವಾಗಲಿಲ್ಲ. ಹೇಳಲು ಅವರೇ ಹೋದರು, ನಡೆದುಕೊಂಡು.

ನಿಯಮದಲ್ಲಿ ಬಾಗಿಲಿನ ಮಾತೂ ಇತ್ತಲ್ಲ. ಒಂದು ದಿನ ವಾಡೆಯ ಆಳುಗಳು ಹಳೆಯ ಜೋಡು ಬಾಗಿಲು ಹೊತ್ತು ತಂದು ಪೌಳಿಯ ಕಂಬಗಳ ನಡುವೆ ಕೂರಿಸಿದರು. ಚಂದವ್ವ ಕೈಮುಗಿಯಲು ಹೋದಾಗ ಬಸಂತರಾಯರು ಎಲೆ ಮಡಚುತ್ತಲೇ ಇದ್ದರು. “ಬೇಡೂದಿಲ್ಲ ಅಂದಿದ್ದೆ. ಕೊಡೂದಿಲ್ಲ ಅಂದಿದ್ದಿಲ್ಲ” ಎಂದರು. ಪರಸಪ್ಪನಿಗೆ ಕಂಬಳಿ ಮರಳಿತು. ಉಪ್ಪಿಟ್ಟಿನ ವಾಸನೆ ಹಿಡಿದಿದ್ದ ಆ ಕಂಬಳಿಯನ್ನು ಕುರಿಗಳು ಒಂದು ವಾರ ಮೂಸುತ್ತಿದ್ದವು ಎಂದು ಅವನು ಕೊನೆಯವರೆಗೂ ಹೇಳುತ್ತಿದ್ದ. ಹಾಡು ಹೇಳಿಸುವ ಹೊತ್ತಿನಲ್ಲಿ ಮಾತ್ರ ಚಂದವ್ವ ಆ ಬಾಗಿಲನ್ನು ಎಷ್ಟೇ ಗಾಳಿಯಿದ್ದರೂ ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ಗೋಡೆಯಾಚೆ ಸರಿಯಾಗಿ ಕೇಳುವುದಿಲ್ಲ.

ಮುಂದೆ ನಿಯಮಗಳು ಮತ್ತೆ ಬದಲಾದವು. ಬಾಲವಾಡಿ ಹೋಗಿ ಅಂಗನವಾಡಿ ಬಂತು, ತಕ್ಕಡಿ ಬಂತು, ಸೇವಿಕೆಗೆ ಹೆಚ್ಚಿನ ಓದು ಬೇಕೆಂಬ ನಿಯಮ ಬಂತು. ನಾಲ್ಕನೆಯ ಇಯತ್ತೆಯ ಚಂದವ್ವ ಬೋಗುಣಿಯ ಕೆಲಸಕ್ಕೆ ಉಳಿದು, ಕೈ ನಡುಗುವವರೆಗೂ ಸೌಟು ಹಿಡಿದಳು. ತಪಾಸಣೆಯವರು ಬರುತ್ತಾರೆಂದರೆ ಮಕ್ಕಳ ಮೂಗು ಸಹ ಒರೆಸಲು ಬಿಡುತ್ತಿರಲಿಲ್ಲ ಎಂದು ಅವಳ ಜೊತೆ ಕೆಲಸ ಮಾಡಿದವರು ಇಂದಿಗೂ ನಗುತ್ತಾರೆ.

ಆ ಸಣ್ಣ ಉಡದಾರ ಸಂದೂಕಿಗೆ ಕೂಡಲೇ ಮರಳಲಿಲ್ಲ. ಸುಮಿತ್ರಾಬಾಯಿ ಎರಡನೆಯ ಸಲ ಬಂದು ಹೋದ ದಿನವೇ ಸಿದ್ದಲಿಂಗವ್ವ ಅದನ್ನು ಚಂದವ್ವನ ಕೈಗೆ ಕೊಟ್ಟಿದ್ದಳು. “ಆ ಹುಡುಗಿಗೇ ಕಟ್ಟು. ಗಂಟ ಬ್ಯಾಡಾದ ದಿನ ತಂದುಕೊಡ್ರಿ.” ಸುಗ್ಗಿ ಮುಗಿದು, ಬೇಸಿಗೆ ಕಳೆದು, ಮತ್ತೆ ಶೀಗಿ ಹುಣ್ಣಿಮೆ ಬಂತು. ಮಡಿಚಿದ ಕೊಂಡಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಮರುವರ್ಷದ ಎಳ್ಳ ಅಮಾವಾಸ್ಯೆಯ ದಿನ ಗುಂಡವ್ವ ತಾಯಿಯ ಕೈ ಹಿಡಿದು ವಾಡೆಯ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಉಡದಾರವನ್ನು ತಾನೇ ಬಿಚ್ಚಿ ಕೊಟ್ಟಳು. ದಾರವಿರಲಿಲ್ಲ. ಸೊಂಟದಲ್ಲಿ ಅದರ ಗುರುತು ಕೆಂಪಗೆ ಮೂಡಿತ್ತು.

ಸಿದ್ದಲಿಂಗವ್ವ ಆ ಗುರುತಿನ ಮೇಲೆ ಬೆರಳಿಟ್ಟು ನೋಡಿದಳು. ಉಡದಾರ ಬಿಗಿಯಾಗಿಯೇ ಕೂತಿತ್ತು.

“ಗುಬ್ಬಿ ಹಾಡ ಬರತೈತೇನ?” ಎಂದು ಕೇಳಿದಳು.

ಹುಡುಗಿ ಕೈಕಟ್ಟಿ ನಿಂತು ಹಾಡಿದಳು. ನಡುವಿನ ಸಾಲನ್ನು ಎಂದಿನಂತೆ ನುಂಗಿದಳು. ಆ ಸಾಲನ್ನು ಸಿದ್ದಲಿಂಗವ್ವ ಹೇಳಿಕೊಟ್ಟಳು.